ನಾಯಿನೋ ಸೂಜಿನೋ ತಿಳೀಲಾರದ ಆ ಥಂಡಿಗಾಲ

ಹೋದ ವರ್ಷ ಇಂಡಿ ಊರಾಗ ಸಣ್ಣ ಮಗನ ಮನ್ಯಾಗ ಇದ್ದಾಗ ಮೊಮ್ಮಗಳ ಕಾಲಿಗೆ ಓಣಿ ನಾಯಿ ಒಂದು ಹಲ್ಲ ಹಚ್ಚಿತು. ಭಾಳ ಏನಲ್ಲ, ಗೀರಿದಂಗ ಆಗಿತ್ತು. ಆದ್ರ ನಾ ಕೇಳಬೇಕಲ್ಲ! ಮಗನ ಗಾಡಿ ಹಿಂದ ಕುಂತು ನಾನೂ ದವಾಖಾನಿಗೆ ಹೋದ್ನಿ. ನರ್ಸಬಾಯಿ ಹತ್ತಿಗೆ ಸ್ಪಿರಿಟ್ ಹಚ್ಚಿದ್ಲು ನೋಡ್ರಿ, ಆ ವಾಸನಿ ಮೂಗಿಗೆ ಬಡದದ್ದೇ ತಡ, ನನ್ನ ಎರಡೂ ಕೈ ತಾವ ಹೋಗಿ ನನ್ನ ಹೊಟ್ಟಿ ಮುಚ್ಚಿಕೊಂಡ್ವು. "ಹೊಟ್ಟಿಗೆ ಹಾಕಂಗಿಲ್ಲೇನವ್ವಾ?" ಅಂತ ಕೇಳಿದ್ನಿ. "ಅದೆಲ್ಲಾ ಹಳೇ ಕಾಲದ್ದು ಬಿಡ ಅಜ್ಜಿ, ಈಗ ತೋಳಿಗೆ, ಅದೂ ನಾಕೈದ ಸೂಜಿ" ಅಂದ್ಲು. ಹುಡುಗಿ ಸೂಜಿ ಹಾಕಿಸ್ಕೊಂಡು ಹೊರಗ ಬಂದು ಐಸ್‌ಕ್ಯಾಂಡಿ ತಿಂದ್ಲು. ನಾ ಮಾತ್ರ ಮನಿಗೆ ಬಂದು ಲಿಂಬಿ ಗಿಡದ ಬುಡಕ ಕುಂತು ಗಡಗಡ ನಡುಗಿದ್ನಿ. ಸೊಸಿ ಚಾದರ ತಂದು ಹೊಚ್ಚಿ, "ಥಂಡಿ ಹತ್ತೈತೇನ್ರಿ ಅತ್ತಿ?" ಅಂದ್ಲು. ಹೌದಂದ್ನಿ. ಅಕಿಗೆ ಏನಂತ ಹೇಳೂದು? ಅದು ಈ ವರ್ಷದ ಥಂಡಿ ಆಗಿರಲಿಲ್ಲ.

ಆಗ ನನಗ ಇಪ್ಪತ್ತು ತುಂಬಿತ್ತೋ ಇಲ್ಲೋ. ನಮ್ಮ ಕಡೆ ಊರೆಲ್ಲಾ ಮೈಸೂರು ರಾಜ್ಯಕ್ಕ ಕೂಡಿ ಕೆಲವು ವರ್ಷ ಆಗಿದ್ರೂ ಹಿರೇರು ಇನ್ನೂ ಮುಂಬೈ ಸರಕಾರ ಅಂತನ ಅಂತಿದ್ರು. ನನ್ನ ತವರು ಬಸವನ ಬಾಗೇವಾಡಿ ಕಡೆ, ಕೊಟ್ಟದ್ದು ಸಿಂದಗಿ ಹತ್ತರದ ಒಂದು ಸಣ್ಣ ಊರಿಗೆ. ಮನ್ಯಾಗ ಅತ್ತಿ ನೀಲವ್ವ, ನಮ್ಮ ಮನಿಯವರು, ನಾನು, ಮತ್ತ ನನ್ನ ಚೊಚ್ಚಲ ಕೂಸು ಕಸ್ತೂರಿ. ಕಸ್ತೂರಿ ಆಗಷ್ಟ ಅಂಬೆಗಾಲು ಇಡಾಕತ್ತಿದ್ಲು, ಎದಿಹಾಲು ಬಿಟ್ಟಿರಲಿಲ್ಲ. ಹಿತ್ತಲ ಗ್ವಾಡಿ ಆಚೆ ಗಾಡಿ ಹೊಡಿಯೂ ಹುಸೇನಸಾಬನ ಮನಿ. ಅವನ ಹೆಂಡ್ತಿ ಖಾಸೀಂಬಿ ನನ್ನ ವಾರಿಗಿಯಾಕಿ, ಒಂದ ವಯಸ್ಸು, ಅಕಿ ಉಡ್ಯಾಗೂ ಒಂದು ಗಂಡು ಕೂಸಿತ್ತು. ನಾವಿಬ್ಬರೂ ಗ್ವಾಡಿ ಮ್ಯಾಲ ಗದ್ದ ಇಟ್ಕೊಂಡು ಎಷ್ಟ ಹರಟಿ ಹೊಡೀತಿದ್ವಂದ್ರ, ಅತ್ತಿ ಒಳಗಿಂದ "ಏ ಗಂಗವ್ವಾ, ಗ್ವಾಡಿ ಬಿದ್ದೀತು, ಬಾ ಒಳಗ" ಅಂತ ಒದರತಿದ್ರು.

ಎಳ್ಳ ಅಮಾಸಿ ದಿನ ನಾವು ಹೊಲಕ್ಕ ಚರಗ ಚೆಲ್ಲಾಕ ಹೋಗ್ತೇವಿ. ಸಜ್ಜಿ ಕಡಬು, ಭಜ್ಜಿ ಪಲ್ಲೆ, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಗಿ ಎಲ್ಲಾ ಬುಟ್ಟಿಗೆ ತುಂಬಿಕೊಂಡು ಹೋಗಿ, ಬನ್ನಿ ಗಿಡದ ಬುಡಕ ಪೂಜಿ ಮಾಡಿ, ಆ ಅಡಗಿ ನಾಕೂ ದಿಕ್ಕಿಗೆ ಭೂಮಿತಾಯಿಗೆ ಚೆಲ್ಲಿ ಆಮ್ಯಾಲ ನಾವು ಉಣ್ಣೂದು. ಆ ವರ್ಷ ಬಿಳಿಜ್ವಾಳ ಎದಿಮಟ ನಿಂತಿತ್ತು. ಥಂಡಿ ಗಾಳಿ ಸುಂಯ್ ಅಂತ ಬೀಸ್ತಿತ್ತು. ಊಟ ಮುಗದು ಬುಟ್ಟಿ ಹೊತ್ತು ಬದುವಿನ ಮ್ಯಾಲ ಹೊಂಟಿದ್ನಿ, ಜ್ವಾಳದ ಸಾಲಿನೊಳಗಿಂದ ಒಂದು ಕಂದು ನಾಯಿ ಹೊರಗ ಬಂತು. ಚೆಲ್ಲಿದ ಅನ್ನ ಮೂಸ್ತಿತ್ತು. ಮೊದಲ ಬುಟ್ಟಿ ನೋಡ್ತು, ಆಮ್ಯಾಲ ನನ್ನ ಮಾರಿ ನೋಡ್ತು. ಬುಟ್ಟಿ ಒಗದು ಓಡಿದ್ರ ಏನೂ ಆಗ್ತಿರಲಿಲ್ಲೋ ಏನೋ. ಕಡಬು ಹಾಳಾಗ್ತಾವಂತ ನಾ ಬುಟ್ಟಿ ಬಿಡಲಿಲ್ಲ, ಅದು ನನ್ನ ಮೀನಖಂಡ ಬಿಡಲಿಲ್ಲ.

ಹುಚ್ಚನಾಯಿ ಹುಚ್ಚನಾಯಿ ಅಂತ ಹುಯ್ಯಲೆದ್ದಿತು. ನಮ್ಮ ಮನಿಯವರು, ಹುಸೇನಸಾಬ, ಬಾಜೂ ಹೊಲದವರು ಬಡಿಗಿ ತಗೊಂಡು ಬೆನ್ನಹತ್ತಿ ಹಳ್ಳದ ದಂಡ್ಯಾಗ ಅದನ್ನ ಹೊಡದು ಕೆಡವಿದ್ರು. ಅಲ್ಲೇ ಹುಗದು ಮ್ಯಾಲ ಕಲ್ಲ ಹೇರಿದ್ರು. ನಮ್ಮೂರಾಗ ಅದು ರೂಢಿ. ಕಡದ ನಾಯಿ ಜೀವಂತ ತಿರಗಿದ್ರ ಕಡಿಸ್ಕೊಂಡವರಿಗೆ ವಿಷ ಏರ್ತೈತಿ, ನಾಯಿ ಸತ್ತರ ಇಳೀತೈತಿ ಅಂತ. ನಮ್ಮ ಮನಿಯವರು ರಕ್ತ ಆಗಿದ್ದ ಬಡಿಗಿ ಹಿಡ್ಕೊಂಡು ಬಂದು, "ಮುಗೀತು ಬಿಡು, ಅಂಜಬ್ಯಾಡ" ಅಂದ್ರು. ಪಾಪ, ನನ್ನ ಮ್ಯಾಲಿನ ಜೀವಕ್ಕ ಮಾಡಿದ್ದು. ಅತ್ತಿ ಗಾಯಕ್ಕ ಖಾರಪುಡಿ ಮೆತ್ತಿದ್ರು. ನಾಯಿ ಕಡದದ್ದಕ್ಕಿಂತ ಖಾರಕ್ಕ ಹೆಚ್ಚು ಅತ್ನಿ.

ಮರುದಿನ ಹುಸೇನಸಾಬನ ಗಾಡಿ ಕಟ್ಟಿ ಸಿಂದಗಿಗೆ ಹೋದ್ವಿ. ಡಾಕ್ಟರ ಸಾಹೇಬ್ರು ವಯಸ್ಸಿನಾಗ ನಮ್ಮ ಮನಿಯವರಿಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು, ಧಾರವಾಡ ಕಡೆಯವರು. ಗಾಯ ತೊಳದು ಕೇಳಿದ ಮೊದಲ ಮಾತೇ, "ನಾಯಿ ಎಲ್ಲೈತಿ?"

"ಹೊಡದ ಹಾಕಿದ್ವಿರಿ" ಅಂದ್ರು ನಮ್ಮ ಮನಿಯವರು, ಎದಿ ಸೆಟಿಸಿ.

ಸಾಹೇಬ್ರು ಹಣಿ ಹಣಿ ಬಡಕೊಂಡ್ರು. "ಅಯ್ಯೋ ಮಾರಾಯಾ! ಕಟ್ಟಿ ಹಾಕಿ ಹತ್ತು ದಿನ ನೋಡಬೇಕಿತ್ತು. ಬದುಕಿದ್ರ ಹುಚ್ಚು ಇಲ್ಲ, ಸತ್ತರ ಹುಚ್ಚು. ಈಗ ಯಾರನ್ನ ಕೇಳೂದು? ಇನ್ನ ಹದಿನಾಲ್ಕು ಸೂಜಿ ಹಾಕ್ಕೊಳ್ಳೂದ ಗತಿ." ಹುಚ್ಚನಾಯಿನೋ ಹಸದ ನಾಯಿನೋ, ಹೇಳಬಹುದಾದದ್ದು ಅದೊಂದ ಜೀವ, ಅದು ಕಲ್ಲಿನ ಕೆಳಗ ಇತ್ತು. ನಮ್ಮ ಮನಿಯವರ ಮಾರಿ ಸಣ್ಣದಾತು.

ದಿನಾ ಮುಂಜಾನಿ ಕೂಸು ಕಂಕಳಾಗ ಎತ್ಕೊಂಡು ಸಿಂದಗಿಗೆ ಹೋಗೂದು, ಹೊಟ್ಟಿಗೆ ಸೂಜಿ ಹಾಕ್ಕೊಂಡು ಬರೂದು. ಗಾಜಿನ ಪಿಚಕಾರಿ ನೀರಾಗ ಕುದಿಸಿ ತಗೀತಿದ್ರು. ಔಷಧ ತೆಳ್ಳನ ಮಜ್ಜಿಗಿ ಬಣ್ಣ. ಸೂಜಿ ಅಂದ್ರ ಚೀಲ ಹೊಲಿಯೂ ದಬ್ಬಣ, ಸುಳ್ಳಲ್ಲ. ಒಂದು ದಿನ ಹೊಕ್ಕಳದ ಬಲಕ್ಕ, ಒಂದು ದಿನ ಎಡಕ್ಕ. ಹೊಟ್ಟಿ ತುಂಬ ಗಂಟು ಗಂಟು ಎದ್ದು, ಸೀರಿ ನಿರಿಗಿ ತಾಗಿದ್ರ ಜೀವ ಹೋಗ್ತಿತ್ತು. ಆದ್ರೂ ಹಾಕ್ಕೊಂಡ ಬಂದ್ನಿ. ಮುದ್ದೇಬಿಹಾಳ ಕಡೆ ಯಾರೋ ನಾಯಿ ಕಡದು ಬೊಗಳಿ ಬೊಗಳಿ ಸತ್ತ ಅಂತ ಸಂತ್ಯಾಗ ಸುದ್ದಿ ಇತ್ತು. ಆ ಸುದ್ದಿ ಕೇಳಿದ ಮ್ಯಾಲ ಯಾರಿಗೆ ಸೂಜಿ ತಪ್ಪಿಸೂ ಧೈರ್ಯ ಬರ್ತೈತ್ರಿ?

ಅರ್ಧಕ್ಕಿಂತ ಹೆಚ್ಚು ಸೂಜಿ ಮುಗದಿರಬೇಕು, ನನಗ ಜ್ವರ ಬಂದ್ವು. ತಲಿ ಸಿಡದು ಹೋಗ್ತೈತೇನೋ ಅನ್ನಂಗ ನೋವು. ಪಾದ ಹತ್ತಿ ಮ್ಯಾಲ ಇಟ್ಟಂಗ, ನೆಲ ಸಿಗವಲ್ದು. ಗಾಡಿಯಿಂದ ಇಳಿಯಾಕ ಹೋಗಿ ಕೂಸಿನ ಸಮೇತ ಅಂಗಳದಾಗ ಬಿದ್ನಿ. ಖಾಸೀಂಬಿ ಓಡಿ ಬಂದು ಕೂಸು ಎತ್ತಿಕೊಂಡ್ಲು. "ಅಕ್ಕಾ, ಏಳವಾ" ಅಂದ್ಲು. ಏಳಬೇಕಂದ್ರ ಕಾಲು ಎಲ್ಲಿ ಅದಾವ? ಅವು ನನ್ನವು ಅಂತ ಕಣ್ಣಿಗೆ ಕಾಣ್ತಾವು, ನಾ ಹೇಳಿದ ಮಾತು ಕೇಳವಲ್ಲವು. ಟೊಂಕದ ಕೆಳಗ ಪೂರ್ತಿ ಜೋಮು. ಉಚ್ಚಿ ನೀರು ಸುದ್ದಾ ಬಂದ್ ಆತು, ಕಿಬ್ಬೊಟ್ಟಿ ಬಿಗದು ಕಲ್ಲಾತು. ಕೈ ಬೆರಳು ಚುಮುಚುಮು ಅಂದ್ವು. ಮರುದಿನ ಮುಂಜಾನಿ ಎದ್ದಾಗ ಬಾಯಿ ಒಂದು ಕಡೆ ವಾಲಿತ್ತು.

ಸುದ್ದಿ ಕೇಳಿ ಊರ ಹಿರೇರು ಬಂದು ಕಟ್ಟಿ ಮ್ಯಾಲ ಕುಂತ್ರು. "ವಿಷ ಏರೇತಿ" ಅಂದ ಒಬ್ಬಾಂವ. "ನೀರು ಕುಡಿಸಿ ನೋಡ್ರಿ, ತಿಳೀತೈತಿ" ಅಂದ ಇನ್ನೊಬ್ಬಾಂವ. ಹುಚ್ಚನಾಯಿ ಕಡದವರು ನೀರಿಗೆ ಅಂಜತಾರ ಅನ್ನೂದು ಎಲ್ಲಾರಿಗೂ ಗೊತ್ತು. ಅತ್ತಿ ತಂಬಗಿ ತುಂಬ ನೀರು ತಂದ್ರು. ನನಗ ಅಂಜಿಕಿ ಇರಲಿಲ್ಲ, ನೀರಡಿಕಿ ಆಗಿತ್ತು, ಎಲ್ಲಾರ ಮುಂದ ಗಟಗಟ ಕುಡದು ತೋರಸ್ತೇನಿ ಅಂತ ಆಸೆಲೆ ಬಾಯಿ ತಗದ್ನಿ. ಅರ್ಧ ನೀರು ವಾಲಿದ ಬಾಯಿ ಮೂಲ್ಯಾಗ ಸೋರಿತು. ಉಳದದ್ದು ಗಂಟಲಾಗ ಇಳೀಲಾರದ ಮೂಗಿನಾಗ ಬಂತು. ಉಸಿರು ಸಿಕ್ಕಿ, ಕಣ್ಣು ಮ್ಯಾಲ ಹೋಗಿ, ಕೆಮ್ಮಿದ್ನಿ. ಆ ಕೆಮ್ಮಿನ ದನಿ ಎಂಥಾದ್ದಿತ್ತೋ ಶಿವನೇ ಬಲ್ಲ. ಹಿಂದಿನಿಂದ ಯಾರೋ "ಬೊಗಳಿದ್ಲು!" ಅಂದ್ರು.

ಅಂಗಳ ಖಾಲಿ ಆತು. ಅತ್ತಿ ಕೈಯಾಗಿನ ತಂಬಗಿ ಬಿತ್ತು. ನನ್ನ ಹತ್ತರ ಅಂಬೆಗಾಲಲೆ ಬರಾಕತ್ತಿದ್ದ ಕಸ್ತೂರಿನ್ನ ಅವರು ಹದ್ದು ಎರಗಿದಂಗ ಎತ್ಕೊಂಡು, ಗ್ವಾಡಿ ಮ್ಯಾಲಿಂದ ಖಾಸೀಂಬಿ ಕೈಯಾಗ ಇಟ್ರು. "ನಿನ್ನ ಮಗನ ಕೂಡ ಇದಕ್ಕೂ ಹಾಲು ಕುಡಸವ್ವಾ, ಇದರವ್ವನ ಹಾಲು ಇನ್ನ ವಿಷ" ಅಂದದ್ದು ನನ್ನ ಕಿವಿಗೆ ಬಿತ್ತು. ನನ್ನನ್ನ ಕೌದಿ ಸಮೇತ ಎತ್ತಿ ಹೊಟ್ಟಿನ ಕೋಲ್ಯಾಗ, ದನಕ್ಕ ಹಾಕೂ ಹೊಟ್ಟು ಒಟ್ಟಿದ್ದ ಆ ಕತ್ತಲಿ ಕೋಲ್ಯಾಗ, ಮಲಗಿಸಿ ಹೊರಗಿಂದ ಚಿಲಕ ಹಾಕಿದ್ರು.

ಆಗ ನನಗ ಏನನಸ್ತಿತ್ತು ಅಂತ ಕೇಳಿದ್ರ ಖರೇವಂದ್ರೂ ಒಂದೇ ಮಾತಿನಾಗ ಹೇಳಾಕ ಬರಂಗಿಲ್ಲ. ನನಗ ಹುಚ್ಚು ಹಿಡದೈತೋ ಇಲ್ಲೋ? ಹುಚ್ಚು ಹಿಡದವರಿಗೆ ತಮಗ ಹಿಡದದ್ದು ಗೊತ್ತಾಗ್ತೈತೇನು? ನನ್ನ ಹೆಸರು ಹೇಳಿ ನೋಡ್ಕೊಂಡ್ನಿ. ತವರಿನ ಓಣ್ಯಾಗಿನ ಮನಿ ಎಲ್ಲಾ ಸಾಲಾಗಿ ನೆನಸಿದ್ನಿ. ಎಲ್ಲಾ ಸರಿ ಇದ್ದಂಗ ಅನಸ್ತಿತ್ತು. ಆದ್ರ ಸರಿ ಇದ್ರ ಕಾಲು ಯಾಕ ಏಳವಲ್ಲವು, ನೀರು ಯಾಕ ಮೂಗಿನಾಗ ಬಂತು? ಅಷ್ಟರಾಗ ಗ್ವಾಡಿ ಆಚೆ ಕಸ್ತೂರಿ ಅಳೂದು ಕೇಳಸ್ತಿತ್ತು. ಎದಿ ಬಿಗದು ಕುಪ್ಪಸ ತೊಯ್ದು ಹೋಗ್ತಿತ್ತು. ಆಮ್ಯಾಲ ಅಳು ಒಮ್ಮೆಲೆ ನಿಲ್ತಿತ್ತು. ಖಾಸೀಂಬಿ ಹಾಲು ಕೊಟ್ಲು ಅಂತ ತಿಳೀತಿತ್ತು. ನನ್ನ ಕೂಸಿನ ಹೊಟ್ಟಿ ತುಂಬಿತಲ್ಲ ಅಂತ ಸಮಾಧಾನ ಆಗ್ಬೇಕಿತ್ತು. ಆಗ್ಲಿಲ್ರಿ. ಹೊಟ್ಟಿಕಿಚ್ಚು ಆತು. ಖಾಸೀಂಬಿ ಕೈ ಮುರದು ಹೋಗ್ಲಿ ಅನಸ್ತು, ಮರುಗಳಿಗಿ ಅಕಿ ನೂರು ವರ್ಷ ಬಾಳ್ಲಿ ಅನಸ್ತು.

ನಮ್ಮ ಮನಿಯವರು ಸುಮ್ಮ ಕೂಡ್ಲಿಲ್ಲ. ಸಿಂದಗಿಗೆ ಹೋಗಿ ಡಾಕ್ಟರ ಸಾಹೇಬ್ರ ಕಾಲು ಹಿಡದು ಗಾಡ್ಯಾಗ ಕರ್ಕೊಂಡ ಬಂದ್ರು. ಸಾಹೇಬ್ರು ಬಂದವರೇ ಚಿಲಕ ತಗಸಿದ್ರು. ಅತ್ತಿ "ಕಚ್ಚಿಗಿಚ್ಚ್ಯಾಳ್ರಿ" ಅಂದ್ರೂ ಕೇಳ್ಲಿಲ್ಲ, ನನ್ನ ಮಗ್ಗಲಕ್ಕ ಹೊಟ್ಟಿನ ರಾಶಿ ಮ್ಯಾಲ ಕುಂತ್ರು. ಮೊದಲ ರಬ್ಬರ ನಳಗಿ ಹಾಕಿ ಕಿಬ್ಬೊಟ್ಟ್ಯಾಗ ಕಟ್ಟಿದ್ದ ನೀರು ತಗದ್ರು. ಶಿವಾ, ಹೋದ ಜೀವ ಬಂದಂಗ ಆತು. ಆಮ್ಯಾಲ ನನ್ನ ಮಾರಿಗೆ ಬೀಸಣಿಗಿ ಬೀಸಿ ಬೀಸಿ ನೋಡಿದ್ರು. ಹುಚ್ಚು ವಿಷ ಏರಿದವರು ಗಾಳಿಗೂ ಅಂಜತಾರಂತ. ನಾ ಹಾಯಾಗಿ ಕಣ್ಣು ಮುಚ್ಚಿದ್ನಿ. ಸಣ್ಣ ಸುತ್ತಿಗಿಲೆ ಮೊಣಕಾಲು ಬಡದ್ರು, ಕೀಲಿಕೈಲೆ ಅಂಗಾಲು ಗೀರಿದ್ರು, ಟಾಚಣಿ ಚುಚ್ಚಿ "ಗೊತ್ತಾಗ್ತೈತೇನು ತಂಗಿ?" ಅಂತ ಕೇಳಿದ್ರು. ಅವರ ಹಣಿ ಮ್ಯಾಲ ಬೆವರು ಬಂದಿತ್ತು, ಆ ಥಂಡ್ಯಾಗ.

"ನನಗ ತಿಳೀವಲ್ದು" ಅಂದ್ರು ನಮ್ಮ ಮನಿಯವರಿಗೆ. "ಅಂಗಾಲು, ನೀರು ಬಂದ್ ಆದದ್ದು ನೋಡಿದ್ರ ಬೆನ್ನಹುರಿ ಕೆಟ್ಟೈತಿ ಅನಸ್ತೈತಿ. ಮೊಣಕಾಲು, ಬೆರಳು, ಈ ಬಾಯಿ ನೋಡಿದ್ರ ಕೈಕಾಲು ಮಾರಿ ನರ ಕೆಟ್ಟಾವು ಅನಸ್ತೈತಿ. ಎರಡೂ ಒಮ್ಮೆಲೆ ಹ್ಯಾಂಗ ಕೆಡ್ತಾವ? ನಾಯಿ ವಿಷದಾಗೂ ಒಂದೊಂದು ಹಿಂಗ ಕಾಲು ಬಿದ್ದು ಹೋಗೂ ಜಾತಿ ಇರ್ತೈತಿ. ಇಲ್ಲಾ, ನಾ ಹಾಕಿದ ಸೂಜಿಲೆ ಆಗಿರಬೇಕು. ಹಂಗೂ ಆಗ್ತೈತಿ ಅಂತ ಓದೇನಿ, ಕಣ್ಣಿಲೆ ನೋಡಿಲ್ಲ."

"ಹಂಗಾದ್ರ ಉಳದ ಸೂಜಿರೀ?"

"ಅದಽ ನೋಡು! ನಾಯಿಗೆ ಹುಚ್ಚಿತ್ತು ಅಂದ್ರ ಸೂಜಿ ಬಿಟ್ರ ಸಾಯ್ತಾಳ. ಸೂಜಿಲೆ ಆಗೈತಿ ಅಂದ್ರ ಇನ್ನೊಂದು ಹಾಕಿದ್ರ ಸಾಯ್ತಾಳ. ಆ ನಾಯಿ ಒಂದು ಜೀವಂತ ಇದ್ದಿದ್ರ…" ಅಂತ ಸಾಹೇಬ್ರು ಬಾಗಿಲ ಕಡೆ ನೋಡಿದ್ರು. ನಮ್ಮ ಮನಿಯವರು ಗ್ವಾಡಿಗೆ ಹಣಿ ಹಚ್ಚಿ ನಿಂತಿದ್ರು. ಅವರ ಬೆನ್ನು ಅಲುಗಾಡ್ತಿತ್ತು. ಗಂಡಸು ಅಳೂದು ನಾ ಅವತ್ತ ಮೊದಲ ಸಲ ನೋಡಿದ್ದು.

ಸಾಹೇಬ್ರು ನನ್ನ ಕಡೆ ಬಗ್ಗಿ, "ತಂಗಿ, ನೀನ ಹೇಳು" ಅಂದ್ರು. ಹೆಂಗಸರನ್ನ ಕೇಳಿ ಯಾರು ಯಾವಾಗ ಏನು ಮಾಡಿದ್ರು, ಅದೂ ಆ ಕಾಲದಾಗ! ನನಗ ನಾಲಿಗಿ ಹೊರಳ್ತಿರಲಿಲ್ಲ. "ಬ್ಯಾಡ" ಅಂದ್ನಿ. ಎಲ್ಲಾರೂ ಆಮ್ಯಾಲ, ಗಂಗವ್ವ ಭಾಳ ಧೈರ್ಯದಾಕಿ, ಜೀವದ ಮ್ಯಾಲ ಬಾಜಿ ಕಟ್ಟಿದ್ಲು ಅಂತ ಹೊಗಳ್ಯಾರ. ಸುಡ್ಲಿ ಆ ಧೈರ್ಯ. ನನಗ ಹೊಟ್ಟಿ ನೋಯ್ತಿತ್ತು, ಸೂಜಿ ಸಾಕಾಗಿತ್ತು, ಅಷ್ಟ. "ಕೂಸು…" ಅಂತ ಮತ್ತೊಂದು ಮಾತು ಆಡಿದ್ನಿ. ಸಾಹೇಬ್ರು ಸುತ್ತಿಗಿ ಚೀಲದಾಗ ಇಟ್ಟು, ತಗದು, ಮತ್ತ ಇಟ್ಟು, "ಗ್ಯಾರಂಟಿ ಇಲ್ಲದ ಹ್ಯಾಂಗ ಹೇಳ್ಲಿ? ಸದ್ಯ ಕೂಸು ಅಲ್ಲೇ ಇರ್ಲಿ" ಅಂದ್ರು. ಅವರು ಒಳ್ಳೆವರು. ಆದ್ರೂ ಆ ಮಾತಿಗೆ ಅವರನ್ನ ಮನಸಾರೆ ಬೈದ್ನಿ.

ತಮ್ಮ ಗುರುಗಳನ್ನ ಕೇಳ್ಕೊಂಡ ಬರ್ತೇನಿ ಅಂತ ಸಾಹೇಬ್ರು ಬಿಜಾಪುರಕ್ಕ ಹೋದ್ರು. ನಾವು ಕಾಯ್ಕೋತ ಕುಂತ್ವಿ. ಕಾಯೂದಂದ್ರ ಏನು, ನಾ ಸಾಯ್ತೇನೋ ಇಲ್ಲೋ ಅಂತ ನೋಡ್ಕೋತ ಕೂಡೂದು. ನಾಯಿ ವಿಷ ಏರಿದವರು ವಾರ ದಾಟಂಗಿಲ್ಲ ಅಂತಿದ್ರು. ಹೊರಗ ಜ್ವಾಳಕ್ಕ ಹಾಲು ತುಂಬಿ ಊರ ಮಂದಿಯೆಲ್ಲಾ ಸೀತನಿ ಸುಟಗೊಂಡ ತಿನ್ನಾಕ ಹೊಲಕ್ಕ ಹೋಗ್ತಿದ್ರು, ಆ ಹಸಿ ತೆನಿ ಸುಟ್ಟ ವಾಸನಿ ಹೊಟ್ಟಿನ ಕೋಲಿಗೂ ಬರ್ತಿತ್ತು. ಬದುಕಬೇಕು ಅನ್ನೂ ಆಸೆ ಆ ವಾಸನ್ಯಾಗ ಇತ್ತು ನೋಡ್ರಿ, ಬಾಯಾಗ ನೀರೂರ್ತಿತ್ತು. ಅತ್ತಿ ಹೊಸ್ತಿಲ ಆಚೆ ನಿಂತು ಗಂಜಿ ಬಟ್ಟಲ ಕಟ್ಟಿಗಿಲೆ ಒಳಗ ನೂಕತಿದ್ರು, ನಮ್ಮ ಮನಿಯವರು ಒಳಗ ಬಂದು ಚಮಚೆಲೆ ಹನಿ ಹನಿ ಕುಡಸ್ತಿದ್ರು. ಅತ್ತಿ ಕೆಟ್ಟವರಲ್ಲ. ದಿನಾ ಹಣಿಕಿ ಹಾಕಿ, "ಇನ್ನೂ ಇದ್ದಿಯೇನ ಗಂಗವ್ವಾ?" ಅಂತ ಕೇಳ್ತಿದ್ರು, ನಾ ಹ್ಞೂಂ ಅಂದ್ರ ಕಣ್ಣೀರು ವರಸ್ಕೊಂಡು ಹೋಗ್ತಿದ್ರು. ನನ್ನ ಎದಿಹಾಲು ಮಾತ್ರ ಕುಡಿಯೂರಿಲ್ಲದ ಬತ್ತಿತು.

ವಾರ ದಾಟಿತು, ನಾ ಸಾಯ್ಲಿಲ್ಲ. ಸಾಹೇಬ್ರು ಬಿಜಾಪುರದಿಂದ ಗುಳಿಗಿ ತಗೊಂಡು ಬಂದ್ರು. ಮಾರಿ ಹಗರ ಆಗಿತ್ತು. ಎಲ್ಲಾರನ್ನೂ ಅಂಗಳದಾಗ, ನನ್ನ ಕೋಲಿ ಬಾಗಿಲ ಮುಂದ ಕೂಡ್ರಿಸಿ ಹೇಳಿದ್ರು. "ಇದು ಹೆಚ್ಚಾಗಿ ಸೂಜಿದ. ಆ ಔಷಧ ಮಾಡೂದು ಕುರಿ ಮೆದುಳಿಲೆ. ಒಳಗ ಕುರಿ ಮೆದುಳು ಬಂತಂದ್ರ ನಮ್ಮ ಮೈ ಅದರ ಮ್ಯಾಲ ಏಳ್ತೈತಿ. ಸಾವಿರಾರು ಮಂದ್ಯಾಗ ಯಾರಿಗೋ ಒಬ್ಬರಿಗೆ ಗುರುತು ತಪ್ಪಿ ತನ್ನ ಮೆದುಳು, ತನ್ನ ಬೆನ್ನಹುರಿ, ತನ್ನ ಕೈಕಾಲಿನ ನರಕ್ಕ ಹೊಡೀತೈತಿ. ಹಕ್ಕಿಗೆ ಬೀಸಿದ ಕವಣಿ ಕಲ್ಲು ನಮ್ಮ ತೆನಿಗೇ ಬಿದ್ದಂಗ. ಅದಕ್ಕ ಒಳಗಿನ ಬೆನ್ನಹುರಿ, ಹೊರಗಿನ ನರ ಎರಡೂ ಕೆಟ್ಟಾವು. ಈ ಗುಳಿಗಿಲೆ ಆ ಸಿಟ್ಟು ಇಳೀತೈತಿ."

"ಮತ್ತ ನಾಯಿಗೆ ಹುಚ್ಚು ಇರಲಿಲ್ಲೇನ್ರಿ?" ಅಂದ್ರು ನಮ್ಮ ಮನಿಯವರು.

"ಅದು ನನಗೂ ಗೊತ್ತಿಲ್ಲಪಾ. ಇದ್ದಿದ್ರ ಹಾಕಿದಷ್ಟು ಸೂಜಿ ಆಕಿನ್ನ ಉಳಸ್ಯಾವು. ಇರದಿದ್ರ ಸುಮ್ಮ ಸುಮ್ಮನ ಕೆಡಸ್ಯಾವು."

ಅರವತ್ತು ವರ್ಷ ಆದ್ವು, ನಾ ಇನ್ನೂ ಆ ಮಾತಿನಾಗ ಸಿಕ್ಕೊಂಡೇನಿ. ಮುಂದಿನ ಮುಂಗಾರಿನಾಗ ಕೋಲು ಹಿಡದು ಎದ್ದು ನಿಂತ್ನಿ, ಆಮ್ಯಾಲ ಕೋಲು ಬಿಟ್ನಿ, ಮತ್ತ ಮೂರು ಹಡದ್ನಿ. ಆದ್ರ ಆ ಸೂಜಿಗೆ ಕೈ ಮುಗೀಬೇಕೋ ಬೈಬೇಕೋ ಇವತ್ತಿಗೂ ತಿಳಿದಿಲ್ಲ.

ಅತ್ತಿಗೆ ಮಾತ್ರ ಅವತ್ತೇ ಎಲ್ಲಾ ತಿಳೀತು. ಸಾಹೇಬ್ರ ಮಾತಿನಾಗ ಅವರ ಕಿವಿಗೆ ಬಿದ್ದದ್ದು ಒಂದ. "ಕುರಿ ಮೆದುಳಾ?" ಅಂತ ಎದ್ದ ನಿಂತ್ರು. "ಅಯ್ಯ ನನ ಶಿವನ! ತತ್ತಿ ಮುಟ್ಟಲಾರದ ಮನಿ ನಮ್ದು, ಕೊರಳಾಗ ಲಿಂಗಾ ಕಟ್ಟಿದಾಕಿ ಹೊಟ್ಟ್ಯಾಗ ಕುರಿ ಮೆದುಳು ಹಾಕೀರಿ? ಕೈಕಾಲು ಬೀಳದ ಮತ್ತೇನಾಗ್ತೈತಿ!" ಸಾಹೇಬ್ರು ಹಂಗಲ್ಲವ್ವಾ, ಇದಕ್ಕೂ ಅದಕ್ಕೂ ಸಂಬಂಧಿಲ್ಲ ಅಂತ ಹೇಳಾಕ ಹೋದ್ರು. ಯಾರು ಕೇಳ್ತಾರ? ಅತ್ತಿ ತಮ್ಮ ಲೆಕ್ಕದಾಗ ಮುಂದ ಹೋಗಿ ಬಿಟ್ಟಿದ್ರು. ಒಮ್ಮೆಲೆ ದನಿ ಇಳಿಸಿ ಕೇಳಿದ್ರು. "ಅಂದ್ರ ಇದು ನಾಯಿದಲ್ಲ, ಕುರಿದು ಅಂದಂಗಾತು. ಹೌದಲ್ರಿ?"

"ಹಂಗ ಅಂದ್ಕೋರಿ" ಅಂದ್ರು ಸಾಹೇಬ್ರು, ಸೋತು.

"ಕುರಿ ಯಾರಿಗೆ ಕಡದೀತು? ಕುರಿಯಿಂದ ಕೂಸಿಗೆ ಏನಾದೀತು?"

"ಕೂಸಿಗೇನೂ ಆಗಂಗಿಲ್ಲ" ಅಂದ್ರು ಸಾಹೇಬ್ರು. ಈ ಸಲ ತಡಾ ಮಾಡಲಿಲ್ಲ.

ಅತ್ತಿ ಅಲ್ಲಿಂದ ಓಡಿದ್ರು. ಅವರು ಓಡಿದ್ದು ನಾ ಮದಿವ್ಯಾಗಿ ಬಂದಾಗಿನಿಂದ ನೋಡಿರಲಿಲ್ಲ. ಖಾಸೀಂಬಿ ಮನಿಗೆ ಹೋಗಿ ಕಸ್ತೂರಿನ್ನ ಎತ್ಕೊಂಡು, ಹೊಟ್ಟಿನ ಕೋಲಿಯ ಹೊಸ್ತಿಲ ದಾಟಿ ಒಳಗ ಬಂದ್ರು. ನನ್ನ ಬೆನ್ನಿಗೆ ಜ್ವಾಳದ ಚೀಲ ಆನಿಸಿ ಕೂಡ್ರಿಸಿ, "ತಗೋ ನಿನ್ನ ಮಗಳನ್ನ" ಅಂತ ಉಡ್ಯಾಗ ಹಾಕಿದ್ರು.

ಕಸ್ತೂರಿ ನನ್ನ ವಾಲಿದ ಬಾಯಿ ನೋಡಿ ಚಿಟ್ಟನೆ ಚೀರಿದ್ಲು. ಮೈಯೆಲ್ಲಾ ಬಿಲ್ಲು ಮಾಡಿ ಖಾಸೀಂಬಿ ಕಡೆ ಕೈ ಚಾಚಿದ್ಲು. ಖಾಸೀಂಬಿ ಬಾಗಿಲದಾಗ ನಿಂತಿದ್ಲು, ಕೂಸಿನ ದನಿಗೆ ಅಕಿ ಕುಪ್ಪಸ ತೊಯ್ದು ಹಾಲಿನ ಕಲಿ ಮೂಡಿತ್ತು. ಅಕಿ ಸೆರಗು ಎಳಕೊಂಡು ಕಣ್ಣು ತುಂಬಿ ನಿಂತ್ಲು, ಆದ್ರ ಒಳಗ ಹೆಜ್ಜಿ ಇಡಲಿಲ್ಲ. "ನಿಮ್ಮವ್ವ ಅದಾಳೊ ಕೂಸ, ಅತ್ತಾಗ ನೋಡು" ಅಂದ್ಲು.

ನಾ ಕೂಸಿನ ಸುತ್ತ ಎರಡೂ ಕೈ ತಂದ್ನಿ. ಕೈ ಬಂದ್ವು, ಆದ್ರ ಅವುಕ್ಕ ಏನೂ ತಿಳೀವಲ್ದು. ಕೂಸಿನ ಬಿಸಿ ಇಲ್ಲ, ಭಾರ ಇಲ್ಲ, ಅಂಗಿ ಮುಟ್ಟಿದ್ದು ಸುದ್ದಾ ಇಲ್ಲ. ಕಣ್ಣಿಗೆ ಕಾಣ್ತೈತಿ ನನ್ನ ಉಡ್ಯಾಗ ನನ್ನ ಮಗಳು ಒದ್ದಾಡಾಕತ್ತಾಳ, ಕೈಗೆ ಮಾತ್ರ ಬರೇ ಗಾಳಿ ಹಿಡದಂಗ. ಕನಸೋ ಏನೋ ಅಂತ ಅಂಜಿಕಿ ಬಂತು. ಜಾರಿ ಬಿದ್ರ? ಬಿದ್ದದ್ದೂ ನನಗ ಗೊತ್ತಾಗ್ಲಿಲ್ಲಂದ್ರ?

ನಮ್ಮ ಮನಿಯವರು ಮುಂದ ಮೊಣಕಾಲೂರಿ ಕುಂತಿದ್ರು. ಹೊರಳದ ನಾಲಿಗಿಲೆ ಅವರನ್ನ ಕೇಳಿದ್ನಿ.

"ಹಿಡದೇನೇನ್ರಿ?"

"ಹಿಡದಿ" ಅಂದ್ರು. "ಬಿಡಬ್ಯಾಡ."